ನೇರಳೆ ಹಣ್ಣೋ, ಬದನೆಕಾಯೋ? ಹಾಲ್ ಗೋಡೆಯ ಬಣ್ಣದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗಾರೆ ಮುಗಿದು ಮೂರು ತಿಂಗಳಾಯಿತು. ಪುಟ್ಟಿ ಆಗಿದೆ, ಇನ್ನು ಬಣ್ಣ. ಹಾಲ್ 14 ಅಡಿ ಉದ್ದ, 12 ಅಡಿ ಅಗಲ. ಟಿವಿ ಬರುವ 12 ಅಡಿ ಗೋಡೆಗೆ ಮಾತ್ರ ಗಾಢ ನೇರಳೆ ಹೊಡೆಸಬೇಕು ಅಂತ ನನ್ನ ಆಸೆ. ಅದು ಅಮ್ಮನ ಹಳೇ ರೇಷ್ಮೆ ಸೀರೆಯ ಬಣ್ಣ. ಸೀರೆಯನ್ನೇ ಅಂಗಡಿಗೆ ತಗೊಂಡು ಹೋಗಿ ಶೇಡ್ ಕಾರ್ಡ್ ಪಕ್ಕ ಹಿಡಿದು ನೋಡಿದೆ. ಎರಡು ಬಣ್ಣಕ್ಕೆ ಬಂದು ನಿಂತಿದ್ದೇನೆ. ಒಂದು ನೇರಳೆ ಹಣ್ಣಿನ ಥರ, ಸ್ವಲ್ಪ ನೀಲಿ ಕಡೆ. ಇನ್ನೊಂದು ಬದನೆಕಾಯಿ ಥರ, ಸ್ವಲ್ಪ ಕೆಂಪು ಕಡೆ. ಒಂದು ಸಲ ಅದು ಸರಿ ಅನಿಸುತ್ತದೆ, ಇನ್ನೊಂದು ಸಲ ಇದು. ನಮ್ಮನೆಯವರು ‘ಎರಡೂ ಒಂದೇ, ಯಾವ್ದಾದ್ರೂ ತಗೋ’ ಅಂತಾರೆ. ಅತ್ತೆ ‘ಕಪ್ಪು ಗೋಡೆ ಎದುರಿಗೆ ಕೂತು ಕಾಫಿ ಕುಡಿಯೋಕಾಗುತ್ತಾ’ ಅಂತಾರೆ. ಪೇಂಟರ್ ‘ಡಾರ್ಕ್ ಹೊಡೆದ್ರೆ ರೂಮ್ ಚಿಕ್ಕದಾಗುತ್ತೆ, ಸೆಕೆ ಬೇರೆ’ ಅಂತಾರೆ. ಹಾಲ್‌ಗೆ ಉತ್ತರಕ್ಕೆ ಒಂದೇ ದೊಡ್ಡ ಕಿಟಕಿ. ಐದು ಅಡಿ ಆಚೆ ಪಕ್ಕದ ಮನೆಯ ಹಳದಿ ಗೋಡೆ. ಎರಡು ಬಿಳಿ ಟ್ಯೂಬ್‌ಲೈಟ್, ಫಾಲ್ಸ್ ಸೀಲಿಂಗ್ ಒಳಗೆ ಹಳದಿ ಬೆಳಕಿನ ಪಟ್ಟಿ. ಟಿವಿ ಗೋಡೆಯ ಹಿಂದೆ ಬಾತ್‌ರೂಮ್. ಕಾರ್ಡ್ ಹಿಂದೆ ಮೊದಲನೆಯದಕ್ಕೆ 5, ಎರಡನೆಯದಕ್ಕೆ 9 ಅಂತ ಏನೋ ನಂಬರ್ ಇದೆ. ಸೋಮವಾರ ಡಬ್ಬಿ ತರಬೇಕಂತೆ. ಯಾವುದು ತರಲಿ?

ಉತ್ತರ: ಮೊದಲು ಸೀರೆ ವಿಷಯ. ಅದರ ಒಳತುದಿ, ಅಂದರೆ ಉಡುವಾಗ ಸೊಂಟಕ್ಕೆ ಸಿಕ್ಕಿಸುವ ತುದಿ ಇದೆಯಲ್ಲ, ಅಲ್ಲಿ ನೂಲು ಸ್ವಲ್ಪ ಬಿಟ್ಟಿರುತ್ತದೆ. ಕಿಟಕಿ ಹತ್ತಿರ ನಿಂತು ಆ ಎಳೆಗಳನ್ನು ನೋಡಿ. ಉದ್ದಕ್ಕೆ ಹೋಗುವ ಹಾಸಿನ ಎಳೆ ಒಂದು ಬಣ್ಣ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಇನ್ನೊಂದು ಬಣ್ಣ ಇರುವ ಸಾಧ್ಯತೆ ಬಹಳ. ಕೆಂಪು ಹಾಸು, ನೀಲಿ ಹೊಕ್ಕು. ಹಳೇ ನೇರಳೆ ರೇಷ್ಮೆಗಳಲ್ಲಿ ಹೀಗೆ ನೇಯ್ದಿದ್ದು ಎಷ್ಟೋ ಇವೆ. ಮಡಿಕೆ ಒಂದು ಕಡೆ ತಿರುಗಿದರೆ ಕೆಂಪು ಮೇಲೆ ಬರುತ್ತದೆ, ಇನ್ನೊಂದು ಕಡೆ ತಿರುಗಿದರೆ ನೀಲಿ. ನಿಮ್ಮ ಕಣ್ಣು ತಪ್ಪಿಲ್ಲ. ಆ ಸೀರೆಯೊಳಗೇ ಎರಡು ನೇರಳೆ ಇವೆ. ನೀವು ಕಾರ್ಡ್‌ನಲ್ಲಿ ಎರಡನ್ನೂ ಹುಡುಕಿ ತೆಗೆದಿದ್ದೀರಿ, ಅಷ್ಟೇ.

ಗೋಡೆಗೆ ಈ ಆಟ ಬರುವುದಿಲ್ಲ. ಎಮಲ್ಷನ್ ಹೊಡೆದ ಗೋಡೆ ಎಲ್ಲ ಕಡೆಯಿಂದ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತದೆ. ಹಾಗಾಗಿ ಸೀರೆಗೆ ಹೊಂದುವ ಬಣ್ಣ ಯಾವುದು ಅಂತ ಕೂತರೆ ವರ್ಷವಾದರೂ ತೀರ್ಮಾನ ಆಗುವುದಿಲ್ಲ. ನಾನು ಇಂಥ ಸಂದರ್ಭದಲ್ಲಿ ಕೇಳುವ ಪ್ರಶ್ನೆ ಬೇರೆ. ನೀವು ಆ ಹಾಲ್‌ನಲ್ಲಿ ಜಾಸ್ತಿ ಹೊತ್ತು ಕೂರುವುದು ಎಷ್ಟು ಗಂಟೆಗೆ? ಆಗ ಯಾವ ಲೈಟ್ ಉರಿಯುತ್ತಿರುತ್ತದೆ?

ಈ ಪ್ರಶ್ನೆ ನನಗೆ ಕಲಿಸಿದ್ದು ನನ್ನದೇ ತಪ್ಪು. ಈ ಕೆಲಸಕ್ಕೆ ಬಂದ ಹೊಸತು. ಮೈಸೂರಿನ ಒಂದು ಮನೆಯಲ್ಲಿ ಊಟದ ಕೋಣೆಗೆ ಗಾಢ ನೇರಳೆ ಆರಿಸಿಕೊಟ್ಟೆ. ಬೆಳಿಗ್ಗೆ ಹನ್ನೊಂದು ಗಂಟೆ, ಪೂರ್ವದ ಕಿಟಕಿಯಿಂದ ಒಳ್ಳೇ ಬೆಳಕು. ಗೋಡೆ ಮಾಗಿದ ನೇರಳೆ ಹಣ್ಣಿನ ಹಾಗೆ ಹೊಳೆಯುತ್ತಿತ್ತು. ನಾನು ಫೋಟೋ ತೆಗೆದುಕೊಂಡು ಖುಷಿಯಲ್ಲಿ ಹೊರಟೆ. ರಾತ್ರಿ ಏಳೂವರೆಗೆ ಮನೆಯ ಯಜಮಾನರ ಫೋನು. ‘ಸಾರ್, ಗೋಡೆಗೆ ಡಾಂಬರು ಬಳಿಸಿದ್ದೀರಾ?’ ಹೋಗಿ ನೋಡಿದರೆ ಅವರು ಹೇಳಿದ್ದು ನಿಜ. ಊಟದ ಮೇಜಿನ ಮೇಲೆ ಒಂದೇ ಒಂದು ಚಿಕ್ಕ ಬಲ್ಬು. ಅದರ ಬೆಳಕು ಗೋಡೆ ತನಕ ಹೋಗುವಷ್ಟರಲ್ಲಿ ಸುಸ್ತಾಗಿತ್ತು. ಬಣ್ಣ ಅನ್ನುವುದೇ ಉಳಿದಿರಲಿಲ್ಲ. ಆ ಮನೆಯವರು ಆ ಕೋಣೆಯನ್ನು ಬಳಸುತ್ತಿದ್ದದ್ದೇ ರಾತ್ರಿ ಊಟಕ್ಕೆ. ನಾನು ಅವರನ್ನು ಅದೊಂದು ಕೇಳಿರಲಿಲ್ಲ. ಮರುಬಣ್ಣದ ಖರ್ಚು ನನ್ನ ಜೇಬಿನಿಂದಲೇ ಹೋಯಿತು.

ಹಳದಿ, ಕೆನೆ, ತಿಳಿ ಹಸಿರು ಇಂಥವು ಬೆಳಕು ಬದಲಾದರೂ ಅಷ್ಟು ಕಾಡಿಸುವುದಿಲ್ಲ. ನೇರಳೆ ಯಾಕೆ ಹೀಗೆ? ನೇರಳೆ ಬಣ್ಣದ ಗೋಡೆ ಬೆಳಕಿನ ಎರಡು ತುದಿಗಳನ್ನು, ಅಂದರೆ ನೀಲಿಯನ್ನೂ ಕೆಂಪನ್ನೂ, ನಮ್ಮ ಕಡೆ ವಾಪಸ್ ಕಳಿಸುತ್ತದೆ. ನಡುವಿನ ಹಸಿರನ್ನು ನುಂಗಿಬಿಡುತ್ತದೆ. ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವುದು ಆ ನಡುವಿನ ಹಸಿರು ಬೆಳಕೇ. ಹಗಲಿನಲ್ಲಿ ಕಣ್ಣು ಅತಿ ಚುರುಕಾಗಿರುವುದು ಬೆಳಕಿನ ಅಲೆಯ ಉದ್ದ 555 ನ್ಯಾನೋಮೀಟರ್ ಹತ್ತಿರ ಇದ್ದಾಗ, ಅದು ಹಳದಿ ಬೆರೆತ ಹಸಿರು. ಎರಡು ತುದಿಗಳಲ್ಲಿ ಕಣ್ಣು ಮಂದ. ಅಂದರೆ ಗಾಢ ನೇರಳೆ ಗೋಡೆ ಕಣ್ಣಿಗೆ ಕೊಡುವುದೇ ಕಮ್ಮಿ ಬೆಳಕು. ಅದರಲ್ಲೂ ನೀಲಿ ಎಷ್ಟು, ಕೆಂಪು ಎಷ್ಟು ಅನ್ನುವುದನ್ನು ಲೈಟು ತೀರ್ಮಾನ ಮಾಡುತ್ತದೆ. ಲೈಟಿನಲ್ಲಿ ಕೆಂಪು ಕಮ್ಮಿ ಇದ್ದರೆ ಗೋಡೆ ಶಾಯಿ ನೀಲಿ. ನೀಲಿ ಕಮ್ಮಿ ಇದ್ದರೆ ಅದೇ ಗೋಡೆ ಮರೂನ್. ಎರಡೂ ಕಮ್ಮಿ ಇದ್ದರೆ ಡಾಂಬರು.

ಈಗ ‘ಎರಡೂ ಒಂದೇ’ ಅನ್ನುವ ಮಾತು. ಅಂಗಡಿಯ ಬಿಳಿ ಟ್ಯೂಬ್‌ಲೈಟ್ ಕೆಳಗೆ, ಎರಡು ಬೆರಳಗಲದ ತುಂಡಿನಲ್ಲಿ ನಿಮ್ಮವರಿಗೆ ಹಾಗೆ ಕಂಡಿದ್ದರೆ ಆಶ್ಚರ್ಯ ಇಲ್ಲ. ನನಗೂ ಕಾಣಬಹುದು. (ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಕಾಣದವರು ಹೆಂಗಸರಿಗಿಂತ ಗಂಡಸರಲ್ಲಿ ಬಹಳ ಜಾಸ್ತಿ ಅನ್ನುವುದೂ ನಿಜ. ಹಾಗಂತ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಬೇಡಿ, ನನ್ನ ಮೇಲೆ ಬೈಗುಳ ಬರುತ್ತದೆ.) ಆದರೆ ಎರಡೂ ಒಂದಲ್ಲ. ನೀವು ಅರ್ಥವಾಗದೆ ಬರೆದಿರುವ 5 ಮತ್ತು 9, ಅದರಲ್ಲೇ ಅರ್ಧ ಉತ್ತರ ಇದೆ.

ಅದನ್ನು ಎಲ್‌ಆರ್‌ವಿ ಅನ್ನುತ್ತಾರೆ. ಗೋಡೆ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ವಾಪಸ್ ಬರುತ್ತದೆ ಅನ್ನುವ ಲೆಕ್ಕ. ಅಪ್ಪಟ ಕಪ್ಪಿಗೆ 0, ಅಪ್ಪಟ ಬಿಳಿಗೆ 100. ಮನೆಗೆ ಹೊಡೆಯುವ ಬಿಳಿ 80ರ ಮೇಲಿರುತ್ತದೆ. ನಿಮ್ಮ ನೇರಳೆ ಹಣ್ಣಿನ ಬಣ್ಣ ನೂರರಲ್ಲಿ ಐದು ಪಾಲು ವಾಪಸ್ ಕೊಡುತ್ತದೆ, ಬದನೆಕಾಯಿ ಒಂಬತ್ತು. ಎರಡೂ ಗಾಢವೇ. ಆದರೆ ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು ಬೆಳಕು ಕೊಡುತ್ತದೆ. ಹಗಲು ಹನ್ನೆರಡಕ್ಕೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಜುಲೈ ತಿಂಗಳು ಜಡಿಮಳೆ ಹಿಡಿದ ದಿನ, ಸಂಜೆ ಐದಕ್ಕೇ ಕತ್ತಲಾದಾಗ ಗೊತ್ತಾಗುತ್ತದೆ. ಶಿವಮೊಗ್ಗದವರಿಗೆ ಆ ಸಂಜೆಗಳ ಬಗ್ಗೆ ನಾನೇನು ಹೇಳಬೇಕಾಗಿಲ್ಲ.

ಅತ್ತೆಯವರ ಮಾತನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಅವರು ಹಠ ಮಾಡುತ್ತಿಲ್ಲ ಅನಿಸುತ್ತದೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ನಿಧಾನಕ್ಕೆ ಹಳದಿಯಾಗುತ್ತದೆ. ಹಳದಿ ಗಾಜಿನ ಕನ್ನಡಕ ಹಾಕಿಕೊಂಡ ಹಾಗೆ, ನೀಲಿ ಬೆಳಕು ಒಳಗೆ ಹೋಗುವುದು ಕಮ್ಮಿಯಾಗುತ್ತದೆ. ನಿಮಗೆ ನೇರಳೆ ಹಣ್ಣಿನ ಥರ ಕಾಣುವ ತುಂಡು ಅವರಿಗೆ ನಿಜವಾಗಿಯೂ ಕಪ್ಪು ಕಾಣುತ್ತಿರಬಹುದು. ಪೊರೆ ಆಪರೇಷನ್ ಆದ ಮೇಲೆ ‘ಅಯ್ಯೋ, ನನ್ನ ಸೀರೆ ಇಷ್ಟು ನೀಲಿ ಇತ್ತಾ’ ಅಂತ ಆಶ್ಚರ್ಯಪಟ್ಟವರನ್ನು ನಾನು ನೋಡಿದ್ದೇನೆ. ಅವರಿಗೆ ಎರಡೂ ತುಂಡನ್ನು ಬಾಗಿಲ ಬೆಳಕಿನಲ್ಲಿ ತೋರಿಸಿ ಕೇಳಿ. ‘ಎರಡರಲ್ಲಿ ಕಪ್ಪಲ್ಲದ್ದು ಯಾವುದು?’ ಬದನೆಕಾಯಿ ಕಡೆ ಕೈ ತೋರಿಸಿದರೆ, ಇಡೀ ದಿನ ಆ ಹಾಲ್‌ನಲ್ಲಿ ಕೂರುವವರು ಅವರೇ ಆಗಿದ್ದರೆ, ಆ ಬೆರಳಿಗೆ ಸ್ವಲ್ಪ ಜಾಸ್ತಿ ಬೆಲೆ ಕೊಡಿ.

ಅಂದ ಹಾಗೆ ಬದನೆಕಾಯಿ ಅಂದರೆ ಉಡುಪಿ ಕಡೆಯವರು ಮಟ್ಟುಗುಳ್ಳ ನೆನೆಸಿಕೊಳ್ಳುತ್ತಾರೆ, ಅದು ಹಸಿರು. ನಾವು ಇಲ್ಲಿ ಮಾತಾಡುತ್ತಿರುವುದು ಸಂತೆಯ ನೇರಳೆ ಗುಂಡು ಬದನೆ.

ಪೇಂಟರ್ ಹೇಳಿದ್ದಕ್ಕೆ ಬರೋಣ. ‘ಡಾರ್ಕ್ ಹೊಡೆದ್ರೆ ರೂಮ್ ಚಿಕ್ಕದಾಗುತ್ತೆ.’ ನಾಲ್ಕೂ ಗೋಡೆ, ಮೇಲೆ ಸೀಲಿಂಗ್, ಎಲ್ಲಕ್ಕೂ ಹೊಡೆದರೆ ಹೌದು, ಗುಹೆ ಆಗುತ್ತದೆ. ಒಂದೇ ಗೋಡೆಗೆ ಹೊಡೆದರೆ ಆ ಮಾತು ನಿಲ್ಲುವುದಿಲ್ಲ. ನಿಮ್ಮದು ಅಗಲದ ಕಡೆಯ ಗೋಡೆ, ಎದುರು ಗೋಡೆಯಿಂದ 14 ಅಡಿ ದೂರ. ಇಂಥ ಗೋಡೆಗೆ ಗಾಢ ಬಣ್ಣ ಹೊಡೆದಾಗ ಮೂಲೆಗಳ ಗೆರೆ ಮಾಸಿಹೋಗಿ, ಗೋಡೆ ಒಂದು ಹೆಜ್ಜೆ ಹಿಂದೆ ಸರಿದ ಹಾಗೆ ಕೆಲವರಿಗೆ ಅನಿಸುತ್ತದೆ, ಕೆಲವರಿಗೆ ಮುಂದೆ ಬಂದ ಹಾಗೆ. ಇದರಲ್ಲಿ ಕಲ್ಲಿನ ಮೇಲೆ ಕೆತ್ತಿದ ನಿಯಮ ಇಲ್ಲ. ಒಂದು ಲಾಭವಂತೂ ಖಂಡಿತ. ಟಿವಿ ಆಫ್ ಆಗಿದ್ದಾಗ ಬಿಳಿ ಗೋಡೆ ಮೇಲೆ ಕಪ್ಪು ಹಲಗೆ ನೇತುಹಾಕಿದ ಹಾಗೆ ಕಾಣುತ್ತದಲ್ಲ, ಗಾಢ ಗೋಡೆ ಮೇಲೆ ಅದು ಕಾಣುವುದಿಲ್ಲ.

ಸೆಕೆ ವಿಷಯ ಸುಮ್ನೆ ಮಾತು. ಹೊರಗೋಡೆಗೆ, ಟೆರೇಸಿಗೆ ಗಾಢ ಬಣ್ಣ ಹೊಡೆದರೆ ಬಿಸಿಲು ಹೀರಿ ಕಾಯುತ್ತದೆ, ಅದು ಸರಿ. ಒಳಗಿನ ಗೋಡೆಗೆ, ಅದೂ ನೇರ ಬಿಸಿಲು ಬೀಳದ ಗೋಡೆಗೆ, ಆ ಲೆಕ್ಕ ಬರುವುದಿಲ್ಲ. ‘ಗಾಢ ಬಣ್ಣದಲ್ಲಿ ಕೊಳೆ ಕಾಣಲ್ಲ’ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಧೂಳು, ಉಗುರಿನ ಗೀರು, ಕುರ್ಚಿ ಬೆನ್ನು ಉಜ್ಜಿದ ಗುರುತು, ಮಕ್ಕಳ ಸೀಮೆಸುಣ್ಣ, ಎಲ್ಲ ಬೆಳ್ಳಗೆ ಎದ್ದು ಕಾಣುತ್ತದೆ. ಕಾಣದೇ ಇರುವುದು ಒಂದೇ, ಗೋಡೆ ಮೇಲೆ ಕೂತ ಸೊಳ್ಳೆ.

ಈಗ ಎರಡರಲ್ಲಿ ಯಾವುದು. ನಿಮ್ಮ ಬಿಳಿ ಟ್ಯೂಬ್‌ಲೈಟ್ ಡಬ್ಬದ ಮೇಲೆ ಬಹುಶಃ 6500ಕೆ ಅಂತ ಇರುತ್ತದೆ. ಸೀಲಿಂಗ್ ಪಟ್ಟಿಯ ಮೇಲೆ 3000ಕೆ ಇರಬಹುದು. ಈ ನಂಬರ್ ಮೇಲೆ ಹೋದಷ್ಟೂ ಬೆಳಕು ನೀಲಿ ಕಡೆ, ಕೆಳಗೆ ಬಂದಷ್ಟೂ ಹಳದಿ-ಕೆಂಪು ಕಡೆ. ನಿಮ್ಮವು ಎಲ್‌ಇಡಿ ಲೈಟುಗಳಾಗಿದ್ದರೆ, ಒಳಗಿರುವುದು ಸಾಮಾನ್ಯವಾಗಿ ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲೆ ಹಳದಿ ಲೇಪ ಕೊಟ್ಟು ಬಿಳಿ ಮಾಡಿರುತ್ತಾರೆ. ಅಗ್ಗದವುಗಳಲ್ಲಿ ಗಾಢ ಕೆಂಪು ಬಹಳ ಕಮ್ಮಿ. ಡಬ್ಬದ ಮೇಲೆ ಸಿಆರ್‌ಐ, ಅಂದರೆ ಆ ಬೆಳಕು ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, 80 ಅಂತ ಬರೆದಿದ್ದರೂ ಅಷ್ಟೇ. ಆ ಲೆಕ್ಕವನ್ನು ಎಂಟು ತಿಳಿ ಬಣ್ಣಗಳ ಮೇಲೆ ಹಾಕುತ್ತಾರೆ, ಕಡುಗೆಂಪು ಅದರಲ್ಲಿ ಸೇರುವುದೇ ಇಲ್ಲ. ಕೊಳ್ಳುವುದಾದರೆ ಸಿಆರ್‌ಐ 90 ಇರುವುದನ್ನು ಕೇಳಿ.

ಇದನ್ನು ನಿಮ್ಮ ಎರಡು ಬಣ್ಣಕ್ಕೆ ಹಚ್ಚಿ ನೋಡಿ. ಟ್ಯೂಬ್‌ಲೈಟ್ ಹಾಕಿದರೆ ನೇರಳೆ ಹಣ್ಣಿನ ಬಣ್ಣ ಇನ್ನಷ್ಟು ನೀಲಿ ಕಡೆ ಜಾರುತ್ತದೆ. ಸ್ಕೂಲಿನ ಶಾಯಿ ಬಾಟಲಿ ನೆನಪಾಗುತ್ತದೆ. ಬದನೆಕಾಯಿಯಲ್ಲಿ ಕೆಂಪು ಜಾಸ್ತಿ ಇರುವುದರಿಂದ ಸ್ವಲ್ಪ ಕಳಕೊಂಡರೂ ನೇರಳೆಯಾಗಿಯೇ ಉಳಿಯುತ್ತದೆ. ಹಳದಿ ಪಟ್ಟಿ ಮಾತ್ರ ಹಾಕಿದರೆ ಉಲ್ಟಾ. ನೇರಳೆ ಹಣ್ಣಿಗೆ ಬೇಕಾದ ಕೆಂಪು ಲೈಟಿನಿಂದ ಸಿಕ್ಕಿ ಅದು ಚೆಂದ ಆಗುತ್ತದೆ, ಬದನೆಕಾಯಿ ದ್ರಾಕ್ಷಾರಸದ ಮರೂನ್ ಕಡೆ ವಾಲುತ್ತದೆ. ಅಂದರೆ ಲೈಟು ಬಣ್ಣವನ್ನು ಯಾವ ಕಡೆ ಎಳೆಯುತ್ತದೋ, ಅದರ ಎದುರು ಕಡೆಗೆ ವಾಲಿರುವ ನೇರಳೆ ಬೇಕು. ಅಂಗಡಿಯವರು ಇದಕ್ಕೆ ವಿರುದ್ಧ ಹೇಳುತ್ತಾರೆ, ‘ವಾರ್ಮ್ ಲೈಟಿಗೆ ವಾರ್ಮ್ ಬಣ್ಣ’ ಅಂತ. ಬೂದು, ಕಂದು ಬಣ್ಣಗಳಿಗೆ ಅದು ಸರಿ ಇರಬಹುದು. ನೇರಳೆಯಲ್ಲಿ ಹಾಗೆ ಮಾಡಿದ ಗೋಡೆಗಳು ಸಂಜೆಯಾದರೆ ನೇರಳೆ ಅಂತ ಗುರುತು ಸಿಗುವುದಿಲ್ಲ.

ಹಗಲಿನ ಕಥೆ ಸ್ವಲ್ಪ ತೊಡಕು. ಉತ್ತರದ ಕಿಟಕಿ ಅಂದರೆ ವರ್ಷದ ಬಹುಪಾಲು ನೇರ ಬಿಸಿಲಲ್ಲ, ಆಕಾಶದ ಬೆಳಕು. ಅದು ತಣ್ಣಗೆ, ನೀಲಿ ಕಡೆ ಇರುತ್ತದೆ. ಅಷ್ಟೇ ಆಗಿದ್ದರೆ ಬದನೆಕಾಯಿ ಅಂತ ಕಣ್ಣುಮುಚ್ಚಿ ಹೇಳುತ್ತಿದ್ದೆ. ಆದರೆ ನಿಮಗೆ ಐದು ಅಡಿಯಲ್ಲೇ ಹಳದಿ ಗೋಡೆ ಇದೆ. ಆ ಗೋಡೆಗೆ ಬಿದ್ದ ಬೆಳಕು ಹಳದಿಯಾಗಿ ನಿಮ್ಮ ಕಿಟಕಿಯೊಳಗೆ ಬರುತ್ತದೆ. ಹಳದಿ ಬೆಳಕಿನಲ್ಲಿ ನೀಲಿ ಕಮ್ಮಿ. ನೇರಳೆಗೆ ಹಳದಿ ಹುಟ್ಟಾ ಶತ್ರು. ನೇರಳೆ ಹಣ್ಣಿನ ಬಣ್ಣ ಆಗ ಮಂಕಾಗಿ ಬೂದುಗಪ್ಪು ಕಾಣಬಹುದು. ಬದನೆಕಾಯಿ ಕಂದು ಕಡೆ ತಿರುಗಬಹುದು. ಎಷ್ಟು ಅನ್ನುವುದನ್ನು ಇಲ್ಲಿ ಕೂತು ನಾನು ಹೇಳಲಾರೆ, ನೀವೇ ನೋಡಬೇಕು. ಪಕ್ಕದ ಮನೆಯವರು ಮುಂದಿನ ದೀಪಾವಳಿಗೆ ಹಸಿರು ಹೊಡೆಸಿದರೆ ನಿಮ್ಮ ಹಾಲ್ ಬಣ್ಣವೂ ಬದಲಾಗುತ್ತದೆ, ಅದು ಬೇರೆ.

ಟಿವಿ ಕೆಳಗೆ ಮರದ ಯೂನಿಟ್ ಮಾಡಿಸುತ್ತೀರಾ? ಬರೆದಿಲ್ಲ. ಸಾಗುವಾನಿ ಅಥವಾ ಜೇನು ಬಣ್ಣದ ಲ್ಯಾಮಿನೇಟ್ ಆದರೆ ಅದರ ಪಕ್ಕ ಯಾವ ನೇರಳೆಯೂ ಸ್ವಲ್ಪ ಜಾಸ್ತಿ ನೀಲಿ ಕಾಣುತ್ತದೆ. ಇದು ಕಣ್ಣಿನ ಆಟ, ಬಣ್ಣದ ತಪ್ಪಲ್ಲ. ಪ್ಯಾರಿಸ್ಸಿನ ಗೋಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಅನ್ನುವ ರಸಾಯನ ವಿಜ್ಞಾನಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದರು. ಕಪ್ಪು ನೂಲು ಸರಿಯಾಗಿ ಕಪ್ಪಾಗುತ್ತಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ಬಣ್ಣದಲ್ಲಿ ದೋಷವಿಲ್ಲ, ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಕೆಡಿಸುತ್ತಿದ್ದವು. 1839ರಲ್ಲಿ ಅವರು ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದರು. ನಮ್ಮ ನೇಕಾರರಿಗೆ ಇದು ಹೇಳಿಕೊಡಬೇಕಾಗಿಲ್ಲ. ಒಡಲಿಗೆ ಯಾವ ಅಂಚು ಹಾಕಿದರೆ ಒಡಲು ಎದ್ದು ಕಾಣುತ್ತದೆ ಅಂತ ಅವರ ಕೈಗೆ ಗೊತ್ತು.

ಹಾಗಾದರೆ ನನ್ನ ಒಲವು? ಸಂಜೆ ಹಾಲ್‌ನಲ್ಲಿ ಟ್ಯೂಬ್‌ಲೈಟೇ ಉರಿಯುವುದಾದರೆ ಬದನೆಕಾಯಿ. ನಮ್ಮ ಮನೆಗಳಲ್ಲಿ ನಡೆಯುವುದು ಅದೇ. ಸೀಲಿಂಗ್ ಪಟ್ಟಿ ಗೃಹಪ್ರವೇಶದ ದಿನ ಉರಿಯುತ್ತದೆ, ಆಮೇಲೆ ನೆಂಟರು ಬಂದಾಗ. ಅತ್ತೆಯವರ ಕಣ್ಣು, ಮಳೆಗಾಲದ ಕತ್ತಲೆ, 9 ಅನ್ನುವ ನಂಬರ್, ಎಲ್ಲವೂ ಅದೇ ಕಡೆ ಹೇಳುತ್ತಿವೆ. ಅಪಾಯ ಏನೆಂದರೆ, ಹಳದಿ ಪಟ್ಟಿ ಹಾಕಿದ ದಿನ ಗೋಡೆ ಮರೂನ್ ಕಾಣುತ್ತದೆ. ನಿಮಗೆ ನೇರಳೆಯೇ ಬೇಕು, ಮರೂನ್ ಕಂಡರೆ ಆಗುವುದಿಲ್ಲ ಅಂತಿದ್ದರೆ ಮೊದಲೇ ಯೋಚಿಸಿ. ಮನೆಯವರೆಲ್ಲ ಒಪ್ಪಿ ಟ್ಯೂಬ್‌ಲೈಟ್ ತೆಗೆಸಿ 3000ಕೆ ಲೈಟ್ ಹಾಕಿಸುವುದಾದರೆ, ಗೋಡೆ ಮೇಲೆಯೇ ಬೆಳಕು ಬೀಳುವ ಹಾಗೆ ಎರಡೋ ಮೂರೋ ಸ್ಪಾಟ್‌ಲೈಟ್ ಕೊಡುವುದಾದರೆ, ನೇರಳೆ ಹಣ್ಣು ತಗೊಳ್ಳಿ. ಅದು ಗೆದ್ದರೆ ಬದನೆಕಾಯಿಗಿಂತ ಚೆಂದ. ಆದರೆ ಅದಕ್ಕೆ ಬೆಳಕಿನ ಹಸಿವು ಜಾಸ್ತಿ. ಒಂದು ಸ್ಪಾಟ್‌ಲೈಟ್ ಕೆಟ್ಟು ಆರು ತಿಂಗಳು ಹಾಗೇ ಬಿಟ್ಟರೆ ಮೈಸೂರಿನ ಡಾಂಬರು ಕಥೆ ಶಿವಮೊಗ್ಗದಲ್ಲಿ ಶುರು. ಇನ್ನೊಂದು ದಾರಿಯೂ ಇದೆ. ಅದೇ ಬದನೆಕಾಯಿಗಿಂತ ಒಂದು ಹಂತ ತಿಳಿಯಾದ, ಅಂದರೆ ಎಲ್‌ಆರ್‌ವಿ 12-15ರ ಬಣ್ಣ. ಕಾರ್ಡ್‌ನಲ್ಲಿ ಅದು ‘ಅಷ್ಟೇನು ಗಾಢ ಇಲ್ಲ’ ಅನಿಸುತ್ತದೆ. ಮಂಕು ಬೆಳಕಿನ ಹಾಲ್‌ನಲ್ಲಿ, ಸುತ್ತ ಬಿಳಿ ಗೋಡೆ ಇದ್ದಾಗ, ಅದೇ ಸಾಕಷ್ಟು ಗಾಢವಾಗಿ ಕಾಣುತ್ತದೆ. ಧೈರ್ಯ ಸಾಲದವರಿಗೆ ನಾನು ಇದನ್ನೇ ಕೊಡುತ್ತೇನೆ.

ನನ್ನ ಮಾತು ನಂಬಿ ಡಬ್ಬಿ ತರಬೇಡಿ. ಎರಡು ಅಡಿ ಚೌಕದ ಎರಡು ಪ್ಲೈವುಡ್ ತುಂಡು ತಗೊಳ್ಳಿ. ಬಿಳಿ ಪ್ರೈಮರ್ ಒಂದು ಕೋಟ್, ಆಮೇಲೆ ಒಂದೊಂದು ಹಲಗೆಗೆ ಒಂದೊಂದು ಬಣ್ಣ, ಮೂರು ಕೋಟ್. ಸುತ್ತ ಎರಡು ಇಂಚು ಬಿಳಿ ಅಂಚು ಬಿಡಿ. ಸ್ಯಾಂಪಲ್ ಡಬ್ಬಿ ಸಿಗದಿದ್ದರೆ ಅಂಗಡಿಯಲ್ಲಿ ಕೊಡುವ ಅತಿ ಚಿಕ್ಕ ಡಬ್ಬಿ ಮಾಡಿಸಿ. ಗೋಡೆ ಮೇಲೆ ಪಟ್ಟಿ ಎಳೆಸಬೇಡಿ. ಎರಡೂ ಅಕ್ಕಪಕ್ಕ ಇದ್ದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ, ಶೆವ್ರಲ್ ಕಥೆಯೇ. ಆ ಪಟ್ಟಿಯ ಅಂಚು ಆಮೇಲೆ ಕೋಟ್ ಕೆಳಗಿಂದ ಮೂಡುವುದೂ ಉಂಟು.

ಹಸಿ ಬಣ್ಣ ನೋಡಿ ಗಾಬರಿ ಬೀಳಬೇಡಿ. ಎಮಲ್ಷನ್ ಹಸಿ ಇದ್ದಾಗ ಹಾಲು ಬೆರೆಸಿದ ಹಾಗೆ ತಿಳಿಯಾಗಿರುತ್ತದೆ, ಒಣಗಿದ ಮೇಲೆ ಗಾಢವಾಗುತ್ತದೆ. ನಮ್ಮ ಅಜ್ಜಂದಿರ ಕಾಲದ ಸುಣ್ಣ ಉಲ್ಟಾ, ಒಣಗಿದರೆ ಬೆಳ್ಳಗೆ. ಒಂದು ದಿನ ಪೂರ್ತಿ ಒಣಗಲಿ. ಆಮೇಲೆ ಒಂದು ಹಲಗೆಯನ್ನು ಟಿವಿ ಬರುವ ಜಾಗದಲ್ಲಿ, ಕೂತರೆ ಕಣ್ಣಿನ ಎತ್ತರಕ್ಕೆ ಬರುವ ಹಾಗೆ ಒರಗಿಸಿ. ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ, ಸಂಜೆ ದೀಪ ಹಚ್ಚುವ ಹೊತ್ತು, ರಾತ್ರಿ ಟ್ಯೂಬ್‌ಲೈಟ್ ಹಾಕಿ, ಹಳದಿ ಪಟ್ಟಿ ಮಾತ್ರ ಹಾಕಿ ನೋಡಿ. ಹೊರಗಿನಿಂದ ಬಂದ ಕೂಡಲೇ ತೀರ್ಮಾನ ಬೇಡ. ಹತ್ತು ನಿಮಿಷ ಕೂತು ಕಣ್ಣು ಆ ಬೆಳಕಿಗೆ ಹೊಂದಿಕೊಂಡ ಮೇಲೆ ನೋಡಿ. ಮರುದಿನ ಇನ್ನೊಂದು ಹಲಗೆ. ಲೈಟ್ ಎಲ್ಲ ಆರಿಸಿ ಟಿವಿ ನೋಡುವ ಅಭ್ಯಾಸ ಇದ್ದರೆ ಹಾಗೂ ಒಮ್ಮೆ ನೋಡಿ. ಅಷ್ಟು ಮಬ್ಬಿನಲ್ಲಿ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಸ್ವಲ್ಪ ಹೊತ್ತು ಉಳಿಯುತ್ತದೆ. ಬದನೆಕಾಯಿ ಸೋಲುವುದಿದ್ದರೆ ಅಲ್ಲೇ. ಫೋಟೋ ತೆಗೆದು ವಾಟ್ಸಾಪಿನಲ್ಲಿ ತಂಗಿಗೆ, ನಾದಿನಿಗೆ ಕಳಿಸಿ ಅಭಿಪ್ರಾಯ ಕೇಳಬೇಡಿ. ಮೊಬೈಲ್ ಕ್ಯಾಮೆರಾ ಬೆಳಕನ್ನು ತಾನೇ ಸರಿ ಮಾಡಲು ಹೋಗಿ ನೇರಳೆಯನ್ನು ನೀಲಿ ಮಾಡಿ ಕಳಿಸುತ್ತದೆ. ನಿಮ್ಮ ಅಂಗಳದ ಕನಕಾಂಬರದ ಪಕ್ಕ ನೇರಳೆ ಡಿಸೆಂಬರ್ ಹೂ ಇದ್ದರೆ ಒಂದು ಫೋಟೋ ತೆಗೆದು ನೋಡಿ, ಗೊತ್ತಾಗುತ್ತದೆ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ ಸಾಲು. ‘ಟಿವಿ ಗೋಡೆಯ ಹಿಂದೆ ಬಾತ್‌ರೂಮ್.’ ಗೋಡೆಯೊಳಗೆ ತೇವ ಇದ್ದರೆ ಗಾರೆಯಲ್ಲಿನ ಉಪ್ಪು ನೀರಿನ ಜೊತೆ ಹೊರಗೆ ಬಂದು ಬೆಳ್ಳಗೆ ಪುಡಿಯಾಗಿ ನಿಲ್ಲುತ್ತದೆ. ಕೆನೆ ಬಣ್ಣದ ಗೋಡೆಯಲ್ಲಿ ಎರಡು ವರ್ಷ ಯಾರಿಗೂ ಕಾಣುವುದಿಲ್ಲ. ಗಾಢ ನೇರಳೆ ಮೇಲೆ ಬೂದುಗುಂಬಳದ ಮೇಲಿನ ಬೂದಿ ಥರ ಮೊದಲ ಮಳೆಗಾಲದಲ್ಲೇ ಕಾಣುತ್ತದೆ. ಅಲ್ಲಿ ಯಾವ ನೇರಳೆ ಆರಿಸಿದ್ದೀರಿ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಬಾತ್‌ರೂಮಿಗೆ ನೀರು ಬಿಡಲು ಶುರು ಮಾಡಿ ಒಂದು ವಾರ ಬಳಸಿ. ಆಮೇಲೆ ಹಾಲ್ ಕಡೆ, ನಲ್ಲಿ ಪೈಪು ಹಾದುಹೋಗುವ ಎತ್ತರದಲ್ಲಿ ಮತ್ತು ನೆಲದಿಂದ ಒಂದು ಅಡಿ ಮೇಲೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ. ಮರುದಿನ ತೆಗೆದಾಗ ಒಳಮೈಯಲ್ಲಿ ನೀರಿನ ಹನಿ ಇದ್ದರೆ, ಗೋಡೆ ಬಣ್ಣ ಕಪ್ಪಾಗಿದ್ದರೆ, ಬಣ್ಣದವರನ್ನು ಬಿಟ್ಟು ಪ್ಲಂಬರ್‌ನ ಕರೆಯಿರಿ. ತೇವ ನಿಲ್ಲದಿದ್ದರೆ ನೇರಳೆಯನ್ನು ಎದುರು ಗೋಡೆಗೆ ಸಾಗಿಸಿ. ಸೋಫಾ ಹಿಂದೆಯೂ ಅದು ಚೆಂದವೇ.

ಗೋಡೆ ಒಣಗಿದೆ, ಬಣ್ಣ ತೀರ್ಮಾನ ಆಯಿತು ಅಂತಿಟ್ಟುಕೊಳ್ಳಿ. ಪೇಂಟರ್ ಜೊತೆ ಒಂದೆರಡು ಮಾತು ಮೊದಲೇ ಆಡಿಬಿಡಿ. ಗಾಢ ಬಣ್ಣಕ್ಕೆ ಬಳಸುವ ಬೇಸ್‌ನಲ್ಲಿ, ಅಂದರೆ ಅಂಗಡಿಯಲ್ಲಿ ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಗೋಡೆಯನ್ನು ಮುಚ್ಚುವ ಬಿಳಿ ಪುಡಿ, ಟೈಟಾನಿಯಂ ಡೈಆಕ್ಸೈಡ್, ಬಹಳ ಕಮ್ಮಿ. ಹಾಗಾಗಿ ‘ಇಷ್ಟು ಗಾಢ ಬಣ್ಣ, ಎರಡು ಕೋಟ್ ಸಾಕು’ ಅನ್ನುವ ಲೆಕ್ಕ ತಲೆಕೆಳಗಾಗುತ್ತದೆ. ಬಿಳಿ ಪ್ರೈಮರ್ ಅಡಿಯಿಂದ ಇಣುಕುತ್ತದೆ, ರೋಲರ್ ಗೆರೆ ಕಾಣುತ್ತದೆ. ಪ್ರೈಮರ್ ಆದ ಮೇಲೆ, ಉಳಿದ ಬಿಳಿ ಎಮಲ್ಷನ್‌ಗೆ ಕಪ್ಪು ಸ್ಟೇನರ್ (ಪೇಂಟಿಗೆ ಬೆರೆಸುವ ಗಟ್ಟಿ ಬಣ್ಣ) ಹಾಕಿ ನಡುಮಟ್ಟದ ಬೂದು ಬಣ್ಣ ಮಾಡಿ ಒಂದು ಕೋಟ್ ಹೊಡೆಸಿ. ಅದರ ಮೇಲೆ ನೇರಳೆ ಎರಡು ಅಥವಾ ಮೂರು ಕೋಟ್. ಸ್ಟೇನರ್ ಆ ಬೂದು ಬಣ್ಣಕ್ಕೆ ಮಾತ್ರ. ನೇರಳೆ ಡಬ್ಬಿಗೆ ‘ಸ್ವಲ್ಪ ಡಲ್ ಮಾಡ್ತೀನಿ’ ಅಂತ ನಾಲ್ಕು ಹನಿ ಸುರಿಯಲು ಬಿಡಬೇಡಿ. ಆ ಬಣ್ಣವನ್ನು ಮತ್ತೆ ಯಾರೂ ಮಾಡಿಕೊಡಲಾರರು.

ನಿಮ್ಮ ಗೋಡೆ 10 ಅಡಿ ಎತ್ತರ ಇದ್ದರೆ 120 ಚದರ ಅಡಿ. ಮೂರು ಕೋಟ್‌ಗೆ ನಾನಾದರೆ ಮೂರು ಲೀಟರ್ ಹಿಡಿದು ಒಂದು ಲೀಟರ್ ಜಾಸ್ತಿ ತರಿಸುತ್ತೇನೆ. ಎಲ್ಲವನ್ನೂ ಒಂದೇ ದಿನ ಮೆಷಿನ್‌ನಲ್ಲಿ ಮಾಡಿಸಿ, ಒಂದೇ ಬಕೆಟ್‌ಗೆ ಸುರಿದು ಕಲಸಿ ಬಳಸಬೇಕು. ಎರಡು ಡಬ್ಬಿ ನಡುವೆ ಕೂದಲೆಳೆಯ ವ್ಯತ್ಯಾಸ ಇದ್ದರೂ ಗಾಢ ಗೋಡೆಯ ನಡುವಲ್ಲಿ ಗೊತ್ತಾಗಿಬಿಡುತ್ತದೆ. ಒಂದು ಕೋಟ್ ಶುರು ಮಾಡಿದರೆ ಮೂಲೆಯಿಂದ ಮೂಲೆಗೆ ಮುಗಿಸಿಯೇ ರೋಲರ್ ಕೆಳಗಿಡಬೇಕು. ಅರ್ಧ ಗೋಡೆ ಹೊಡೆದು ಟೀ ಕುಡಿಯಲು ಹೋದರೆ ಆ ಗೆರೆ ಮೂರನೇ ಕೋಟ್‌ನಲ್ಲೂ ಹೋಗುವುದಿಲ್ಲ. ಟೀ ನೀವೇ ಮೊದಲು ಕೊಟ್ಟುಬಿಡಿ.

ಫಿನಿಶ್ ಯಾವುದು ಅಂತ ನೀವು ಕೇಳಿಲ್ಲ, ಆದರೆ ಪೇಂಟರ್ ಕೇಳುತ್ತಾರೆ. ಪೂರ್ತಿ ಮ್ಯಾಟ್ ನೋಡಲು ವೆಲ್ವೆಟ್ ಥರ, ಪುಟ್ಟಿಯ ಉಬ್ಬುತಗ್ಗು ಮುಚ್ಚಿಕೊಳ್ಳುತ್ತದೆ. ಆದರೆ ಒರೆಸಿದ ಕಡೆಯೆಲ್ಲ ಹೊಳಪು ಬಂದು ಮಚ್ಚೆ ಬೀಳುತ್ತದೆ. ಹೊಳಪಿನ ಫಿನಿಶ್ ಒರೆಸಲು ಸುಲಭ, ಆದರೆ ನಿಮ್ಮ ಟ್ಯೂಬ್‌ಲೈಟ್ ಗೋಡೆಯಲ್ಲಿ ಬಿಳಿ ಕೋಲಾಗಿ ಕಾಣುತ್ತದೆ, ಪುಟ್ಟಿಯ ತಪ್ಪೆಲ್ಲ ಬಯಲು. ಟಿವಿ ಗೋಡೆಗೆ ಸ್ವಲ್ಪವೇ ಹೊಳಪಿರುವ ಸಾಫ್ಟ್ ಶೀನ್ ತಗೊಳ್ಳಿ. ಹಲಗೆಗೂ ಅದೇ ಫಿನಿಶ್ ಹೊಡೆಸಿ, ಇಲ್ಲದಿದ್ದರೆ ಹೋಲಿಕೆ ತಪ್ಪುತ್ತದೆ. ಉಳಿದ ಒಂದು ಲೀಟರ್‌ನ ಮುಚ್ಚಳದ ಮೇಲೆ ಅಂಗಡಿಯ ಸ್ಟಿಕ್ಕರ್ ಇರುತ್ತದೆ, ಬಣ್ಣದ ಕೋಡ್, ಬೇಸ್, ತಾರೀಕು. ಅದನ್ನು ಕೀಳದೆ ಡಬ್ಬಿ ಎತ್ತಿಡಿ. ಮುಂದೆ ಗೀರು ಬಿದ್ದಾಗ ಅಷ್ಟಕ್ಕೇ ಹಚ್ಚಿದರೆ ಪ್ಯಾಚ್ ಕಾಣುತ್ತದೆ, ಮೂಲೆಯಿಂದ ಮೂಲೆಗೆ ಒಂದು ಕೋಟ್ ಹೊಡೆಯಬೇಕಾಗುತ್ತದೆ.

ಸೋಮವಾರದ ಗಡಿಬಿಡಿ ಬಿಡಿ. ಅಂದು ತರಬೇಕಾದ್ದು ಉಳಿದ ಮೂರು ಗೋಡೆಯ ಬಿಳಿ, ಸೀಲಿಂಗಿನ ಬಿಳಿ. ಪೇಂಟರ್‌ಗೆ ಅಷ್ಟು ಕೆಲಸ ಒಂದು ವಾರಕ್ಕೆ ಸಾಕು. ಬಿಳಿ ಮುಗಿದ ಮೇಲೆಯೇ ಹಾಲ್‌ನ ನಿಜವಾದ ಬೆಳಕು ಗೊತ್ತಾಗುವುದು, ಹಲಗೆ ಪರೀಕ್ಷೆಗೂ ಅದೇ ಸರಿಯಾದ ಹೊತ್ತು. ಬಾತ್‌ರೂಮಿಗೆ ನೀರು ಮಾತ್ರ ಇವತ್ತೇ ಬಿಡಿ, ವಾರ ಕಳೆದ ಕೂಡಲೇ ಪ್ಲಾಸ್ಟಿಕ್ ಹಾಳೆ ಅಂಟಿಸಬಹುದು.